ಪೆಟ್ಟಿಗೆಯಣ್ಣನೂ ಭಾಮೈದನ ಕೆಮ್ಮೂ

ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದುದು ಹಲ್ಲು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುವ ಒಂದು ಲ್ಯಾಬಿನಲ್ಲಿ, ಕಿಟಕಿ ಪಕ್ಕದ ಮೇಜಿಗೆ ಕೂತು, ಮೇಣದಲ್ಲಿ ಒಸಡು ತಿದ್ದಿ, ಅದರಲ್ಲಿ ಒಂದೊಂದೇ ಹಲ್ಲು ನೆಡುವ ಕೆಲಸ. ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುವ ಗಾದೆ ಸುಳ್ಳಾದ ದಿನ ತನ್ನ ಮನೆಯ ಒಲೆ ಆರುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಊರಿನ ಎಷ್ಟೋ ಬಾಯಿಗಳಲ್ಲಿ ಅವನ ಹಲ್ಲಿದ್ದರೂ ಒಂದು ಬಾಯಲ್ಲೂ ಅವನು ಹಲ್ಲಿನವನಾಗಿರಲಿಲ್ಲ. ಗೆಳೆಯರಿಗೆಲ್ಲ ಅವನು ಪೆಟ್ಟಿಗೆಯಣ್ಣ.

ಪೆಟ್ಟಿಗೆ ಎಂದರೆ ಸ್ಪೀಕರ್ ಪೆಟ್ಟಿಗೆ. ಅವನು ನುಡಿಸುತ್ತಿದ್ದುದು ಬೇಸ್ ಗಿಟಾರು. ನಾಲ್ಕೇ ತಂತಿ, ಒಂದೊಂದೂ ಬಟ್ಟೆ ಒಣಹಾಕುವಷ್ಟು ದಪ್ಪ, ಕಿವಿಗಿಂತ ಮೊದಲು ಹೊಟ್ಟೆಗೆ ತಗಲುವ ಸದ್ದು. ಆ ಗಿಟಾರಿಗೆ ಸ್ವಂತ ದನಿ ಎಂಬುದು ಇಲ್ಲವೇ ಇಲ್ಲ. ಆಂಪ್ಲಿಫೈಯರು ಅದಕ್ಕೆ ಬಲ ಕೊಡಬೇಕು, ಸ್ಪೀಕರು ಗಾಳಿ ತಳ್ಳಬೇಕು, ಸ್ಪೀಕರನ್ನು ಹೊತ್ತ ಮರದ ಪೆಟ್ಟಿಗೆ ಆ ಗಾಳಿಗೆ ಮೈ ಕೊಡಬೇಕು. ಕಂಪನಿಯವರ ಪೆಟ್ಟಿಗೆ ದುಬಾರಿಯಾದ್ದರಿಂದ ಹವ್ಯಾಸದವರು ಮನೆಯಲ್ಲೇ ಪ್ಲೈವುಡ್ ಕೊಯ್ದು, ಅಂಟು ಹಚ್ಚಿ, ಒಳಗೆ ಹತ್ತಿ ತುಂಬಿ, ತಮ್ಮದೇ ಪೆಟ್ಟಿಗೆ ಮಾಡಿಕೊಳ್ಳುತ್ತಾರೆ. ಮಾಡಿಕೊಂಡ ಮೇಲೆ ಅದನ್ನು ಇನ್ನೊಬ್ಬರ ಪೆಟ್ಟಿಗೆಗೆ ಹೋಲಿಸದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ.

"ಬೇಸ್ ಇಲ್ದಿದ್ರೆ ಹಾಡು ಬೇಸರ," ಎನ್ನುತ್ತಿದ್ದ ಪೆಟ್ಟಿಗೆಯಣ್ಣ. "ಆಂಪು ಅಂದ್ರೆ ಬಾಯಿ, ಪೆಟ್ಟಿಗೆ ಅಂದ್ರೆ ಎದೆ. ಬಾಯಿ ಎಲ್ಲರಿಗೂ ಇದೆ. ಇಲ್ದೋರಿಗೆ ನಾನೇ ಮಾಡಿ ಕೊಡ್ತೀನಿ."

ಹೋಲಿಕೆ ನಡೆಯುತ್ತಿದ್ದುದು ಅವನ ಮನೆಯ ಹಿಂದಿನ ಕೋಣೆಯಲ್ಲಿ. ಒಂದು ಕಾಲಕ್ಕೆ ಅವನ ಅಪ್ಪ ಹಳೆ ಪೇಪರು ರಾಶಿ ಹಾಕುತ್ತಿದ್ದ ಜಾಗ ಅದು. ಒಂದು ಗೋಡೆಯಾಚೆ ಅಚ್ಚುಕೂಟ, ಇನ್ನೊಂದು ಗೋಡೆಯಾಚೆ ರೈಲು ಹಳಿ. ಆ ಎರಡು ಗದ್ದಲದ ನಡುವೆ ಮೂರನೆಯ ಗದ್ದಲಕ್ಕೆ ಯಾರ ತಕರಾರೂ ಇರಲಿಲ್ಲ. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದ. ನೆಲಕ್ಕೆ ಹೆಂಡತಿ ಎಸೆಯಬೇಕೆಂದಿದ್ದ ಜಮಖಾನೆ. ಊರಿನಲ್ಲಿ ಬೇಸ್ ನುಡಿಸುವ ಉಳಿದವರೆಲ್ಲ ಬಾಡಿಗೆ ಮನೆಯವರು, ಮೇಲೆ ಕೆಳಗೆ ಅಕ್ಕಪಕ್ಕ ಜನ ಇದ್ದವರು. ಆಂಪಿನ ಗುಂಡಿಯನ್ನು ಒಂದರಿಂದ ಎರಡಕ್ಕೆ ತಿರುಗಿಸಿದರೆ ಬಾಗಿಲು ಬಡಿಸಿಕೊಳ್ಳುವವರು. ಮನಸಾರೆ ಗುಂಡಿ ತಿರುಗಿಸಲು ಅವರಿಗಿದ್ದುದು ಪೆಟ್ಟಿಗೆಯಣ್ಣನ ಕೋಣೆ ಒಂದೇ. ಈ ಮಾತು ಓದುಗರು ನೆನಪಿಟ್ಟುಕೊಂಡರೆ ಒಳ್ಳೆಯದು. ಪೆಟ್ಟಿಗೆಯಣ್ಣ ನೆನಪಿಟ್ಟುಕೊಂಡಿರಲಿಲ್ಲ.

ಬರುತ್ತಿದ್ದವರಲ್ಲಿ ಮುಖ್ಯರು ಇಬ್ಬರು. ಕನ್ನಡಕದ ಅಂಗಡಿಯವನು: ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು, ಮಾತಿನಲ್ಲಿ ಮೆದು, ಹೊರದೇಶದ ಆಂಪು ಇಟ್ಟುಕೊಂಡಿದ್ದವನು. ಇನ್ನೊಬ್ಬ ಲಿಫ್ಟ್ ರಿಪೇರಿಯವನು: ಹೆಸರು ಲಿಫ್ಟು, ಮಾತು ಕಡಿಮೆ, ತನ್ನ ಪೆಟ್ಟಿಗೆಯನ್ನು ತಾನೇ ಹೆಗಲ ಮೇಲೆ ಹೊತ್ತು ತರುತ್ತಿದ್ದವನು. ಇವರ ಜೊತೆ ಆಗಾಗ ಬಂದುಹೋಗುವ ಮೂರ್ನಾಲ್ಕು ಜನ. ಮತ್ತೆ ಪೆಟ್ಟಿಗೆಯಣ್ಣನ ಭಾಮೈದ, ಅಂದರೆ ಹೆಂಡತಿಯ ತಮ್ಮ. ಅವನಿಗೆ ನುಡಿಸಲು ಬರುತ್ತಿತ್ತು, ಪೆಟ್ಟಿಗೆ ಮಾತ್ರ ಇರಲಿಲ್ಲ. ಪೆಟ್ಟಿಗೆ ಇಲ್ಲದವನಿಗೆ ಪಕ್ಷಪಾತವೂ ಇಲ್ಲವೆಂದು ಅವನನ್ನೇ ಪರದೆಯ ಹಿಂದೆ ಕೂರಿಸುತ್ತಿದ್ದರು.

ವರ್ಷಕ್ಕೊಮ್ಮೆ ಪರದೆ ಪರೀಕ್ಷೆ. ಕೋಣೆಯ ನಡುವೆ ಜೋಡಿ ಮಂಚದ ಹೊದಿಕೆಯೊಂದನ್ನು ಇಳಿಬಿಟ್ಟು, ಅದರ ಹಿಂದೆ ಎಲ್ಲರ ಪೆಟ್ಟಿಗೆ ಸಾಲಾಗಿ ಇಡುವುದು. ಗಿಟಾರು ಒಂದೇ, ಆಂಪು ಒಂದೇ, ನುಡಿಸುವ ತುಣುಕೂ ಒಂದೇ. ಭಾಮೈದ ವೈರು ಮಾತ್ರ ಕಿತ್ತು ಕಿತ್ತು ಬೇರೆ ಬೇರೆ ಪೆಟ್ಟಿಗೆಗೆ ಸಿಕ್ಕಿಸಿ ನುಡಿಸುತ್ತಾನೆ. ಈಚೆ ಕೂತವರು ಕೇಳಿ, ಮೆಚ್ಚಿದ್ದಕ್ಕೆ ಕೈ ಎತ್ತಬೇಕು. ತನ್ನದೆಂದು ಅನುಮಾನ ಬಂದದ್ದಕ್ಕೆ ಎತ್ತಕೂಡದು, ಅದು ಮರ್ಯಾದೆ. ಇನ್ನೊಂದು ನಿಯಮ ಪೆಟ್ಟಿಗೆಯಣ್ಣನೇ ತಂದದ್ದು: ಹೊಸ ಪೆಟ್ಟಿಗೆಯ ಮೊದಲ ಸ್ವರ ಪರದೆಯ ಹಿಂದೆಯೇ ಹೊರಡಬೇಕು, ಮನೆಯಲ್ಲಿ ಕದ್ದು ನುಡಿಸಿ ನೋಡಕೂಡದು. ಉಳಿದವರೆಲ್ಲ ಆ ನಿಯಮವನ್ನು ಮೆಚ್ಚಿ, ಮನೆಗೆ ಹೋಗಿ ಮುರಿಯುತ್ತಿದ್ದರು. ಪಾಲಿಸುತ್ತಿದ್ದವನು ಅವನೊಬ್ಬನೇ.

ಗೆಲ್ಲುತ್ತಿದ್ದವನೂ ಅವನೊಬ್ಬನೇ. ವರ್ಷವರ್ಷವೂ, ಪೆಟ್ಟಿಗೆ ದೊಡ್ಡದಿರಲಿ ಚಿಕ್ಕದಿರಲಿ, ಕೈಗಳು ಅವನದಕ್ಕೇ ಏಳುತ್ತಿದ್ದವು. ಅವನು ತಲೆ ತಗ್ಗಿಸಿ, ಕೈ ಮಡಿಲಲ್ಲಿಟ್ಟುಕೊಂಡು, ಹೊಸ ಮದುಮಗನ ಹಾಗೆ ಕೂತಿರುತ್ತಿದ್ದ. ಅವನ ಸಂತೋಷಕ್ಕಿದ್ದ ಕೊರತೆ ಒಂದೇ, ಭಾಮೈದನ ಕೆಮ್ಮು. ಪಾಪ, ಪರದೆಯ ಹಿಂದಿನ ದೂಳಿಗೆ ಅವನ ಗಂಟಲು ಹಿಡಿಯುತ್ತಿತ್ತು. ಪ್ರತಿ ವರ್ಷವೂ ಪೆಟ್ಟಿಗೆಯಣ್ಣ ಔಷಧಿ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಅವನ ಕೈಗೆ ಕೊಡುತ್ತಿದ್ದ. "ತಗೊಳೋ, ಅಕ್ಕನಿಗೆ ಹೇಳ್ಬೇಡ, ನಿನ್ ಭಾವನೇ ಕಾಯಿಲೆ ಅಂಟಿಸ್ದ ಅಂತಾಳೆ."

ಹೀಗಿರುವಾಗ ಲ್ಯಾಬಿಗೆ ಒಂದು ಯಂತ್ರ ಬಂತು. ಬಾಯಿಯ ಚಿತ್ರ ಹಾಕಿದರೆ ಹಲ್ಲು ಕೊರೆದು ಕೊಡುವ ಯಂತ್ರ. ಯಜಮಾನರು ಅವನನ್ನು ಕರೆದು ಹೇಳಿದರು: "ನೋಡಪ್ಪ, ಮೇಣ ತಿದ್ದೋ ಕಾಲ ಮುಗೀತು. ನೀನು ಇರ್ತೀನಿ ಅಂದ್ರೆ ಇದನ್ನ ಕಲಿಯೋಕೆ ಕಳಿಸ್ತೀನಿ. ಇರಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋಬೇಕು. ಸೋಮವಾರ ಹೇಳು."

ಪೆಟ್ಟಿಗೆಯಣ್ಣನಿಗೆ ಇದು ದೇವರೇ ಬಾಗಿಲು ತೆಗೆದ ಹಾಗೆ ಕಂಡಿತು. ಲ್ಯಾಬು ಬಿಟ್ಟು ಪೆಟ್ಟಿಗೆಯನ್ನೇ ಕಸುಬು ಮಾಡಿಕೊಂಡರೆ ಹೇಗೆ ಎಂದು ಅವನು ಎಷ್ಟೋ ಸಲ ಹಲ್ಲುಗಳ ಜೊತೆ ಚರ್ಚಿಸಿದ್ದ. ಮನೆಯಲ್ಲಿ ಹೆಂಡತಿಯೊಡನೆ ಚರ್ಚಿಸುವುದು ಅಷ್ಟು ಸಲೀಸಲ್ಲ, ಹಲ್ಲುಗಳು ತಿರುಗಿ ಕಚ್ಚುತ್ತಿರಲಿಲ್ಲ.

"ವರ್ಷವರ್ಷ ಗೆಲ್ತಿದೀನಿ ಕಣೇ. ಮುಖ ನೋಡಿ ಕೊಟ್ಟಿದ್ದಲ್ಲ, ಪರದೆ ಹಾಕಿ ಕೊಟ್ಟಿದ್ದು."

ಅವಳು ಬಟ್ಟೆ ಮಡಚುತ್ತಿದ್ದಳು. "ಅವ್ರು ಕೈ ಎತ್ತಿದ್ದನ್ನ ನೋಡಿದೀನಿ ರೀ. ಜೇಬಿಗೆ ಕೈ ಹಾಕಿದ್ದನ್ನ ಇದುವರೆಗೂ ನೋಡಿಲ್ಲ. ಇಷ್ಟು ವರ್ಷದಲ್ಲಿ ಒಬ್ಬನಾದ್ರೂ ನಂಗೊಂದು ಪೆಟ್ಟಿಗೆ ಮಾಡಿಕೊಡು ಅಂದಿದಾನಾ?"

"ಅವರವರ ಪೆಟ್ಟಿಗೆ ಅವರೇ ಮಾಡ್ಕೋತಾರೆ. ಹವ್ಯಾಸ ಅದು."

"ನಿಮ್ದೂ ಹವ್ಯಾಸಾನೇ. ಹಾಗೇ ಇರ್ಲಿ ಬಿಡಿ."

"ಈ ಭಾನುವಾರ ಪರೀಕ್ಷೆ ಇದೆ. ಗೆದ್ರೆ ಲ್ಯಾಬು ಬಿಡ್ತೀನಿ. ಸೋತ್ರೆ ಯಂತ್ರ ಕಲೀತೀನಿ. ಸರೀನಾ?"

ಅವಳು ಅಂಗಿಯೊಂದನ್ನು ಕೊಡವಿ ಮಡಚಿದಳು. "ಪೆಟ್ಟು ತಿನ್ನೋಕೆ ಪೆಟ್ಟಿಗೆನೇ ಬೇಕಾ ಅಂತ ಕೇಳ್ಬೇಕು ಅನ್ಸತ್ತೆ. ಕೇಳಲ್ಲ. ನಿಮಗೆ ಹೇಗೆ ಕಾಣ್ಸತ್ತೋ ಹಾಗೆ ಮಾಡಿ."

ಆ ವಾರವಿಡೀ ಅವನು ಹೊಸ ಪೆಟ್ಟಿಗೆಯಲ್ಲಿ ಮುಳುಗಿದ. ಎರಡು ಸ್ಪೀಕರಿನ ಪೆಟ್ಟಿಗೆ. ಮೂಲೆಗಳನ್ನು ಲ್ಯಾಬಿನಲ್ಲಿ ಹಲ್ಲು ನುಣುಪು ಮಾಡುವ ಉಪ್ಪುಕಾಗದದಿಂದಲೇ ಉಜ್ಜಿದ. ಮುಂಭಾಗಕ್ಕೆ ಕಪ್ಪು ಬಟ್ಟೆ ಎಳೆದು ಮೊಳೆ ಹೊಡೆದ. ಕೊನೆಗೆ ಸ್ಪೀಕರುಗಳಿಗೆ ವೈರು ಕೊಡುವಾಗ ಕೆಂಪು ಕಪ್ಪು ಜೋಡಿ ವೈರು ಮುಗಿದಿತ್ತು. ಮನೆಯಲ್ಲಿ ಟೇಬಲ್ ಲ್ಯಾಂಪಿನ ಹಳೆಯ ಬಿಳಿ ವೈರು ಇತ್ತು; ಎರಡು ಎಳೆಯೂ ಒಂದೇ ಬಣ್ಣ. ಗುರುತಿಗೆ ಎರಡು ಸ್ಪೀಕರಿನ ಪ್ಲಸ್ ಎಳೆಗೂ ಒಂದೊಂದು ಗಂಟು ಹಾಕಿಕೊಂಡ. ಪೆಟ್ಟಿಗೆಯನ್ನು ಅಂಗಾತ ಹಾಕಿ, ಬೋರಲು ಹಾಕಿ, ಮತ್ತೆ ಅಂಗಾತ ಹಾಕಿ, ಹಿಂಬದಿಯ ಹಲಗೆಗೆ ಸ್ಕ್ರೂ ಬಿಗಿದು ಮುಗಿಸಿದಾಗ ಬೆರಳೆಲ್ಲ ಅಂಟು. ನುಡಿಸಿ ನೋಡುವ ಆಸೆ ಬಹಳ ಆಯಿತು. ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ನಿಯಮ ನಿಯಮವೇ ಎಂದು ಎತ್ತಿಟ್ಟ.

ಭಾನುವಾರ ಮಧ್ಯಾಹ್ನ ಎಲ್ಲರೂ ಬಂದರು. ಅಚ್ಚುಕೂಟಕ್ಕೆ ರಜೆ, ಕೋಣೆ ಅಷ್ಟು ಮಟ್ಟಿಗೆ ಮೌನ. ಪರದೆಯ ಮುಂದೆ ನಿಂತು ಪೆಟ್ಟಿಗೆಯಣ್ಣ ತನ್ನ ಶಪಥ ಹೇಳಿದ. ಈ ಸಲವೂ ಗೆದ್ದರೆ ನಾಳೆ ಲ್ಯಾಬಿಗೆ ನಮಸ್ಕಾರ. ಇದೇ ಊರಿನಲ್ಲಿ ಪೆಟ್ಟಿಗೆ ಅಂಗಡಿ.

ಕನ್ನಡಕ ತನ್ನ ಕನ್ನಡಕ ತೆಗೆದು ಒರೆಸಿದ. "ಅಣ್ಣಾ, ಇಷ್ಟು ದೊಡ್ಡ ವಿಷಯ... ಸ್ವಲ್ಪ ಯೋಚ್ನೆ ಮಾಡಿದೀರಾ?"

"ನಿಮ್ಮ ಕಿವಿ ಮೇಲೆ ನಂಬಿಕೆ ಇಟ್ಟೇ ಮಾಡಿದೀನಪ್ಪ."

"ಅಂಗಡಿ ಅಂದ್ರೆ... ಈ ರೂಮಲ್ಲೇನಾ?"

"ಏ, ಇಲ್ಲ. ರೂಮು ರೂಮೇ. ನಾವು ಸೇರೋದು ಸೇರೋದೇ."

ಆ ಮಾತಿಗೆ ಎಲ್ಲರ ಮುಖವೂ ಸಡಿಲವಾಯಿತು. ಲಿಫ್ಟು ಮಾತ್ರ ನೆಲ ನೋಡುತ್ತಿದ್ದ. ಕನ್ನಡಕ ಮತ್ತೆ ಕನ್ನಡಕ ಹಾಕಿಕೊಂಡು, "ಶುರು ಮಾಡೋಣ" ಎಂದ.

ಮೊದಲ ಪೆಟ್ಟಿಗೆ ನುಡಿಯಿತು. ಪರವಾಗಿಲ್ಲ, ದನಿ ಸ್ವಲ್ಪ ಮೂಗಿನಿಂದ ಬರುತ್ತಿತ್ತು. ಒಂದಿಷ್ಟು ವೈರು ಸದ್ದು, ಭಾಮೈದನ ಕೆಮ್ಮು, ಆಮೇಲೆ ಎರಡನೆಯದು. ಪೆಟ್ಟಿಗೆಯಣ್ಣ ಕಣ್ಣು ಬಿಟ್ಟ. ಸ್ವರವಿದೆ, ಮೈ ಇಲ್ಲ. ತಂತಿಯ ಗೀರು ಮಾತ್ರ ಕೇಳುತ್ತಿತ್ತು, ಹೊಟ್ಟೆಗೆ ಏನೂ ತಗಲುತ್ತಿರಲಿಲ್ಲ.

"ಯಾರಪ್ಪಾ ಇದು, ಬೆಂಕಿಪೊಟ್ಟಣದಲ್ಲಿ ನೊಣ ಕೂರ್ಸಿದೀರಲ್ಲ," ಎಂದು ನಕ್ಕ. "ಈ ಪೆಟ್ಟಿಗೆಗಿಂತ ನಾನು ಕಟ್ಟಿದ ಹಲ್ಲು ಸೆಟ್ಟು ಜೋರಾಗಿ ಮಾತಾಡ್ತದೆ."

ಯಾರೂ ನಗಲಿಲ್ಲ. ಒಬ್ಬ ಮೊಟ್ಟೆಯ ಟ್ರೇ ನೋಡಿದ. ಇನ್ನೊಬ್ಬ ಶೂ ಲೇಸು ಕಟ್ಟಿಕೊಂಡ.

ಮೂರನೆಯದು ನುಡಿದಾಗ ಜಮಖಾನೆಯ ಕೆಳಗೆ ನೆಲ ಗುಂಯ್‌ಗುಟ್ಟಿತು. ಪ್ರತಿ ಸ್ವರಕ್ಕೂ ಅದರದೇ ತೂಕ, ಒಂದರ ಕಾಲು ಇನ್ನೊಂದು ತುಳಿಯದ ಹಾಗೆ. ಪೆಟ್ಟಿಗೆಯಣ್ಣನ ಕಣ್ಣಲ್ಲಿ ನೀರಾಡಿತು. ಇದು ನನ್ನದು, ಇಷ್ಟು ದಿನ ಮಾಡಿದ್ದೆಲ್ಲ ಇದಕ್ಕೆ ಬಂದು ಮುಟ್ಟಿದೆ ಎಂದುಕೊಂಡು ಮರ್ಯಾದೆಯಿಂದ ಕೈ ಮಡಿಲಲ್ಲಿಟ್ಟುಕೊಂಡ. ನಾಲ್ಕನೆಯದನ್ನು ಅವನು ಸರಿಯಾಗಿ ಕೇಳಲೇ ಇಲ್ಲ.

ಕೈ ಎತ್ತುವ ಹೊತ್ತು. ಒಂದನೆಯದಕ್ಕೆ ಯಾರೂ ಇಲ್ಲ. ಎರಡನೆಯದು ಎಂದಾಗ ಕನ್ನಡಕನ ಕೈ ಎದ್ದಿತು. ಶೂ ಲೇಸಿನವನದು ಎದ್ದಿತು. ಒಂದೊಂದಾಗಿ ಎಲ್ಲವೂ ಎದ್ದವು, ಕೊನೆಗೆ, ಮೊಣಕೈಯಷ್ಟೇ ಎತ್ತರಕ್ಕೆ, ಲಿಫ್ಟಿನದೂ.

"ಒಳ್ಳೇ ತೂಕ ಇದೆ," ಎಂದ ಕನ್ನಡಕ, ಪರದೆಯ ಕಡೆ ನೋಡುತ್ತ.

ಪೆಟ್ಟಿಗೆಯಣ್ಣನಿಗೆ ಮೊದಲು ಬಂದದ್ದು ಗಾಬರಿಯಲ್ಲ, ಸೋಲಿನ ಹೊಟ್ಟೆಯುರಿ. ಈ ನೊಣದ ಡಬ್ಬಿ ಯಾರದೆಂದು ನೋಡಿಯೇ ಬಿಡೋಣವೆಂದು ತಾನೇ ಎದ್ದು ಪರದೆ ಎಳೆದ. ವೈರು ಕೊನೆಗೆ ನುಡಿದ ನಾಲ್ಕನೆಯದರಲ್ಲೇ ಇತ್ತು. ಮೂರನೆಯದು ಲಿಫ್ಟಿನ ಪೆಟ್ಟಿಗೆ, ಹೆಗಲು ಉಜ್ಜಿ ಉಜ್ಜಿ ಒಂದು ಅಂಚು ಬೆಳ್ಳಗಾದದ್ದು. ಎರಡನೆಯ ಜಾಗದಲ್ಲಿ ನುಣ್ಣನೆಯ ಮೂಲೆಗಳ, ಕಪ್ಪು ಬಟ್ಟೆಯ, ಅವನ ಹೊಸ ಪೆಟ್ಟಿಗೆ.

ಅವನು ಸ್ಕ್ರೂಡ್ರೈವರ್ ತಂದು ಹಿಂಬದಿಯ ಹಲಗೆ ಬಿಚ್ಚಿದ. ಬಿಳಿ ವೈರಿನ ಒಂದು ಗಂಟು ಸರಿಯಾದ ಜಾಗದಲ್ಲಿತ್ತು, ಇನ್ನೊಂದು ತಪ್ಪು ಜಾಗದಲ್ಲಿತ್ತು. ಎರಡು ಸ್ಪೀಕರೂ ಒಟ್ಟಿಗೆ ಮುಂದೆ ಬಂದು ಒಟ್ಟಿಗೆ ಹಿಂದೆ ಹೋಗಬೇಕು. ಒಂದಕ್ಕೆ ವೈರು ಉಲ್ಟಾ ಆದರೆ ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ. ಬೇಸ್ ಅಲ್ಲೇ ಸಾಯುತ್ತದೆ. ಗಂಡ ಹೆಂಡತಿ ಒಂದೇ ಬಾಗಿಲನ್ನು ಆಚೆ ಒಬ್ಬರು ಈಚೆ ಒಬ್ಬರು ನಿಂತು ತಳ್ಳಿದ ಹಾಗೆ. ಇದು ಪೆಟ್ಟಿಗೆ ಮಾಡುವವರು ಮೊದಲ ವರ್ಷ ಮಾಡುವ ತಪ್ಪು. ಕೇಳುವವರು ಮೊದಲ ಸ್ವರಕ್ಕೇ ಹಿಡಿಯುವ ತಪ್ಪು.

"ನೀವೆಲ್ಲ ಕಿವುಡರಲ್ಲ," ಎಂದ ಅವನು, ಪೆಟ್ಟಿಗೆಯೊಳಗೆ ನೋಡುತ್ತಲೇ. "ಮತ್ತೆ ಹೇಗೆ ಗೊತ್ತಾಯ್ತು ನಂದು ಅಂತ?"

ಭಾಮೈದ ಗಂಟಲು ಸರಿಮಾಡಿಕೊಂಡ, ಪಾಪ, ಈ ಸಲ ಅಭ್ಯಾಸಬಲದಿಂದ. ಪೆಟ್ಟಿಗೆಯಣ್ಣ ಮೆಲ್ಲಗೆ ತಲೆ ಎತ್ತಿದ. ಭಾಮೈದನ ಕಾಲ ಬಳಿ ಈ ವರ್ಷದ ಸಿರಪ್ ಬಾಟಲಿ, ಮುಚ್ಚಳದ ಸೀಲು ಒಡೆಯದೆ, ನಿಂತಿತ್ತು.

"ಇಷ್ಟು ವರ್ಷ ಕೊಟ್ಟಿದ್ನಲ್ಲೋ. ಒಂದಾದ್ರೂ ಕುಡಿದೆಯಾ?"

"ಇಲ್ಲ ಭಾವ," ಎಂದ ಭಾಮೈದ. "ನಂಗೆ ಕೆಮ್ಮು ಇರ್ಲಿಲ್ಲ."

"ಅಣ್ಣಾ, ತಪ್ಪು ತಿಳ್ಕೋಬೇಡಿ," ಎಂದು ಕನ್ನಡಕ ಮುಂದೆ ಬಂದ. "ನಿಮಗೆ ಖುಷಿ ಆಗ್ಲಿ ಅಂತ. ರೂಮು ನಿಮ್ದು. ನಾವು ಬಾಡಿಗೆ ಅಂತ ಏನೂ ಕೊಡಲ್ಲ, ಕೊಟ್ರೆ ನೀವೂ ತಗೊಳಲ್ಲ. ಏನೋ ಒಂದು..."

"ಇವತ್ತು ನಾನು ಕೆಲಸ ಬಿಡ್ತೀನಿ ಅಂದೆ."

"ಹೌದು."

"ಅಂದ ಮೇಲೂ ಕೈ ಎತ್ತಿದ್ರಿ."

ಕನ್ನಡಕ ಮತ್ತೆ ಕನ್ನಡಕ ತೆಗೆದು ಒರೆಸಿದ. ಒರೆಸಿ ಒರೆಸಿ ಅದರಲ್ಲಿ ಒರೆಸಲು ಏನೂ ಉಳಿದಿರಲಿಲ್ಲ. "ಒಬ್ಬರಾದ್ರೂ ಬೇರೆಯವ್ರು ಕೈ ಇಳಿಸ್ತಾರೆ ಅನ್ಕೊಂಡೆ ಅಣ್ಣಾ. ಎಲ್ರೂ ಹಾಗೇ ಅನ್ಕೊಂಡ್ವಿ ಅನ್ಸತ್ತೆ."

"ಮೊದಲನೇ ವರ್ಷಾನೂ ಕೆಮ್ಮಿದ್ನಾ?"

ಅವರು ಒಬ್ಬರನ್ನೊಬ್ಬರು ನೋಡಿದರು. ಭಾಮೈದ ಯೋಚಿಸಿದ. "ಮೊದಲನೇ ವರ್ಷ ಕೆಮ್ಮಿರ್ಲಿಲ್ಲ ಅನ್ಸತ್ತೆ ಭಾವ. ಅಥವಾ ಕೆಮ್ಮಿದ್ನೋ ಏನೋ. ನೆನಪಿಲ್ಲ."

ನಿಜವಾಗಿಯೂ ನೆನಪಿರಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಸುಳ್ಳು ಹೇಳಿದ್ದರೆ ಪೆಟ್ಟಿಗೆಯಣ್ಣನಿಗೆ ಅಷ್ಟು ನೋಯುತ್ತಿರಲಿಲ್ಲವೇನೋ.

ಅವನು ಬಗ್ಗಿ ತಪ್ಪು ವೈರನ್ನು ಕಿತ್ತು ಸರಿಯಾಗಿ ಸಿಕ್ಕಿಸಿದ. ಹಲಗೆ ಮುಚ್ಚಿ, ಗಿಟಾರು ತೆಗೆದುಕೊಂಡು, ತಾನೇ ಅದೇ ತುಣುಕು ನುಡಿಸಿದ. ದನಿ ಬಂತು. ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಲಿಫ್ಟಿನದಕ್ಕಿಂತ ಚೆನ್ನಾಗಿತ್ತೋ ಇಲ್ಲವೋ ತಿಳಿಯಲಿಲ್ಲ. ತಿಳಿಯಬೇಕಾದರೆ ಪರದೆ ಬೇಕು, ಪರದೆಯ ಈಚೆ ಸುಳ್ಳು ಹೇಳದ ಕಿವಿಗಳು ಬೇಕು.

"ಈಗ ನೋಡಿ ಅಣ್ಣಾ," ಎಂದ ಕನ್ನಡಕ, ನಿಜವಾದ ಉತ್ಸಾಹದಿಂದ. "ಎಂಥ ತೂಕ."

"ಆಗ್ಲೂ ನೀನು ಇದೇ ಮಾತು ಹೇಳ್ದೆ," ಎಂದ ಪೆಟ್ಟಿಗೆಯಣ್ಣ.

ಎಲ್ಲರೂ ಹೋದ ಮೇಲೆ ಅವನು ಅಡುಗೆಮನೆಗೆ ಬಂದು ನಿಂತ. ಹೆಂಡತಿ ಪಾತ್ರೆ ಜೋಡಿಸುತ್ತಿದ್ದಳು. ನಡೆದದ್ದನ್ನು ಅವಳ ತಮ್ಮನೇ ಹಿತ್ತಲ ಬಾಗಿಲಲ್ಲಿ ನಿಂತು ಹೇಳಿ ಹೋಗಿದ್ದ.

"ನಿಂಗೆ ಮೊದಲೇ ಗೊತ್ತಿತ್ತಾ?"

"ಕೆಮ್ಮು ಗೊತ್ತಿರ್ಲಿಲ್ಲ," ಎಂದಳು. "ನನ್ ತಮ್ಮ ಗೊತ್ತಿದ್ದ." ಆಮೇಲೆ ತಟ್ಟೆಯೊಂದನ್ನು ಸುಮ್ಮನೆ ಎರಡು ಸಲ ಒರೆಸಿದಳು. "ಊಟಕ್ಕೆ ಕೂತ್ಕೊಳಿ."

ಸೋಮವಾರ ಅವನು ಯಜಮಾನರಿಗೆ ಇರ್ತೀನಿ ಎಂದ. ಯಂತ್ರ ಕಲಿತ. ಈಗ ಅವನು ಪರದೆಯ ಮುಂದೆ ಕೂರುತ್ತಾನೆ, ಇದು ಕಂಪ್ಯೂಟರಿನ ಪರದೆ. ಅದರಲ್ಲಿ ಬಾಯಿಗಳು ತಿರುಗುತ್ತವೆ, ಗುಂಡಿ ಒತ್ತಿದರೆ ಹಲ್ಲುಗಳು ಉದುರುತ್ತವೆ. ಅವನ ಮೇಣದ ಚಾಕು ಮೇಜಿನ ಡ್ರಾಯರಿನಲ್ಲಿದೆ.

ಗೆಳೆಯರು ಇನ್ನು ಬರುವುದಿಲ್ಲ, ಬಂದರೂ ಬಾಗಿಲು ತೆಗೆಯುವುದಿಲ್ಲ ಎಂದು ಅವನು ಕೆಲವು ವಾರ ಹಟ ಹಿಡಿದಿದ್ದ. ಒಬ್ಬನೇ ಕೂತು ನುಡಿಸಿ ನೋಡಿದ. ಬೇಸ್ ಒಬ್ಬನೇ ನುಡಿಸುವ ವಾದ್ಯವಲ್ಲ. ಮದುವೆಯಲ್ಲಿ ಒಬ್ಬನೇ ಪಂಕ್ತಿಗೆ ಕೂತ ಹಾಗಿರುತ್ತದೆ. ಕೊನೆಗೊಂದು ಭಾನುವಾರ ಕನ್ನಡಕ ಗೇಟಿನಲ್ಲಿ ನಿಂತಾಗ ಕೋಣೆಯ ಬೀಗದ ಕೈ ಪೆಟ್ಟಿಗೆಯಣ್ಣನ ಜೇಬಿನಲ್ಲೇ ಇತ್ತು. ಅವರಿಗೆ ಕೋಣೆ ಬೇಕಿತ್ತು, ಇವನಿಗೆ ಜನ ಬೇಕಿತ್ತು. ಆ ಲೆಕ್ಕ ಮೊದಲೂ ಇದ್ದದ್ದೇ, ಈಗ ಎರಡೂ ಕಡೆಯವರಿಗೆ ಗೊತ್ತಿತ್ತು ಅಷ್ಟೇ.

ಮುಂದಿನ ವರ್ಷದ ಪರೀಕ್ಷೆಗೆ ಅವನು ಪೆಟ್ಟಿಗೆ ಮಾಡಲಿಲ್ಲ. ಭಾಮೈದನನ್ನು ಈಚೆ ಕಳಿಸಿ ತಾನೇ ಪರದೆಯ ಹಿಂದೆ ಕೂತ. ಈ ಸಲವಾದರೂ ಸತ್ಯ ಹೊರಡಲಿ ಎಂಬುದು ಅವನ ಆಸೆ. ಆದರೆ ಅವನಿಗೆ ಅಂದು ನಿಜವಾಗಿಯೂ ನೆಗಡಿ. ಮೊದಲ ಎರಡು ಪೆಟ್ಟಿಗೆ ಮುಗಿಯುವವರೆಗೆ ಉಗುಳು ನುಂಗಿ ನುಂಗಿ ತಡೆದ. ಲಿಫ್ಟಿನ ಪೆಟ್ಟಿಗೆಗೆ ವೈರು ಸಿಕ್ಕಿಸಲು ಬಗ್ಗಿದಾಗ ತಡೆಯಲಾಗಲಿಲ್ಲ. ಎದೆಯಾಳದಿಂದ, ಕೋಣೆ ತುಂಬುವ ಹಾಗೆ, ಒಂದು ಕೆಮ್ಮು ಬಂತು.

ನುಡಿಸಿದ. ಆ ಪೆಟ್ಟಿಗೆ ಹಿಂದಿನ ವರ್ಷದಷ್ಟೇ ಚೆನ್ನಾಗಿ ನುಡಿಯಿತು. ಹೊದಿಕೆಯ ಸವೆದ ಜಾಗದಿಂದ ಆಚೆ ನೋಡಿದ. ಕೈ ಎತ್ತುವ ಹೊತ್ತು ಬಂದಾಗ ಮೂರನೆಯದಕ್ಕೆ ಕೈಗಳೆಲ್ಲ ಒಟ್ಟಿಗೆ, ಶಾಲೆಯ ಮಕ್ಕಳ ಹಾಗೆ, ಎದ್ದವು. ಲಿಫ್ಟು ಮಾತ್ರ ತನ್ನ ಕೈ ಮಡಿಲಲ್ಲಿಟ್ಟುಕೊಂಡಿದ್ದ.

ಉಳಿದವರು ಹೊರಟ ಮೇಲೆ ಲಿಫ್ಟು ತನ್ನ ಪೆಟ್ಟಿಗೆ ಎತ್ತಿಕೊಳ್ಳಲು ಬಂದ. ಪೆಟ್ಟಿಗೆಯಣ್ಣ ಅವನ ಭುಜ ಹಿಡಿದ.

"ನೋಡಪ್ಪ, ನಿನ್ ಪೆಟ್ಟಿಗೆ ನಿಜವಾಗ್ಲೂ ಎಲ್ಲಕ್ಕಿಂತ ಚೆನ್ನಾಗಿದೆ. ಹೋದ ವರ್ಷ ಇದನ್ನ ಕೇಳಿ ನಂದು ಅನ್ಕೊಂಡಿದ್ದೆ. ಕಣ್ಣಲ್ಲಿ ನೀರು ಬಂದಿತ್ತು."

ಲಿಫ್ಟು ಅವನ ಮುಖ ನೋಡಿದ. "ಬಿಡಿ ಅಣ್ಣಾ. ನೀವು ಕೆಮ್ಮಿದ್ದು ಕೇಳಿಸ್ತು."

"ನಂಗೆ ನೆಗಡಿ ಕಣೋ."

"ಹೌದು ಹೌದು," ಎಂದ ಲಿಫ್ಟು, ಪೆಟ್ಟಿಗೆಯನ್ನು ಹೆಗಲಿಗೇರಿಸುತ್ತ. "ನಿಮ್ ಭಾಮೈದನಿಗೂ ದೂಳು ಆಗ್ತಿರ್ಲಿಲ್ವಲ್ಲ." ಬಾಗಿಲು ದಾಟುವಾಗ ಬೆಳ್ಳಗಾದ ಅಂಚು ಚೌಕಟ್ಟಿಗೆ ತಗಲಿತು. ಅವನು ಒಂದು ಕ್ಷಣ ನಿಂತ, ತಿರುಗಲಿಲ್ಲ. "ಔಷಧಿ ತಗೊಳಿ ಅಣ್ಣಾ."